ಖಾಲಿ ಸೈಟಿನ ಮೇಲಿನ ಆಕಾಶ

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳ ಬಗ್ಗೆ ಬರೆದವರು ಅಲ್ಲಿನ ರಸ್ತೆ, ಕಟ್ಟಡ, ವಾಹನದಟ್ಟಣೆ, ಕೆಟ್ಟುಹೋದ ಕೆರೆಗಳನ್ನು ಕುರಿತು ವಿವರವಾಗಿಯೇ ಬರೆದಿದ್ದಾರೆ. ಅದೇ ಕಟ್ಟಡಗಳ ನೆತ್ತಿಯ ಮೇಲೆ ವರ್ಷವಿಡೀ ನಡೆಯುವ ಹಕ್ಕಿಗಳ ಬೇಟೆ, ಗೂಡು, ವಲಸೆಗಳಿಗೆ ಅಷ್ಟು ಗಮನ ಸಂದಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರೂ ಕಡೆ ಬೇಟೆಹಕ್ಕಿಗಳನ್ನು ನೋಡಲು ಕಾಡು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮನೆಯ ತಾರಸಿ, ಕಾರ್ಖಾನೆಯ ಅಂಗಳ, ಕೆರೆಯ ಏರಿ, ಇನ್ನೂ ಮನೆ ಏಳದ ಬಡಾವಣೆ ಇಷ್ಟೇ ಸಾಕು. ಬೇಟೆಹಕ್ಕಿ ಎಂಬ ಮಾತನ್ನು ಇಲ್ಲಿ ಪಕ್ಷಿಶಾಸ್ತ್ರದ ಅರ್ಥದಲ್ಲಿ ಬಳಸಲಾಗಿದ್ದು, ಬಾಗಿದ ಚೂಪು ಕೊಕ್ಕು, ಹಿಡಿದದ್ದನ್ನು ಬಿಡದ ಬಲವಾದ ಉಗುರು, ಮನುಷ್ಯನ ಕಣ್ಣಿಗಿಂತ ಎಷ್ಟೋ ಚುರುಕಾದ ದೃಷ್ಟಿ ಇವು ಮೂರೂ ಸೇರಿರುವ ಹದ್ದು, ಗಿಡುಗ, ಡೇಗೆ, ಸೆಳೆವ, ಚಾಣಗಳ ಗುಂಪಿಗೆ ಅದು ಸಲ್ಲುತ್ತದೆ. ಮೀನು ಹಿಡಿಯುವ ಮಿಂಚುಳ್ಳಿಯೂ ಹುಳ ಹಿಡಿಯುವ ಕಾಜಾಣವೂ ಬೇಟೆಯಾಡುತ್ತವೆಯಾದರೂ ಈ ಗುಂಪಿಗೆ ಸೇರುವುದಿಲ್ಲ. ಕಸದ ರಾಶಿಯಿಂದ ಕೋಳಿಯ ಕರುಳನ್ನು ಎತ್ತಿಕೊಂಡು ಹೋಗುವ ಹದ್ದು ಸೇರುತ್ತದೆ.

ಈ ನೆಲದಲ್ಲಿ ಹಕ್ಕಿಗಳು ಹಳೆಯವು, ಕಾರ್ಖಾನೆಗಳು ಹೊಸವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ರಾಗಿಯ ಹೊಲ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲು, ಊರ ದನ ಮೇಯಲು ಬಿಟ್ಟ ಗೋಮಾಳ, ಮಾವು ಹುಣಸೆ ಹೊಂಗೆಗಳ ಗುಂಡುತೋಪು ಇವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇದ್ದವು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟ ಸುಮಾರು 3,900 ಎಕರೆಯಲ್ಲಿ ಬೇಸಾಯದ ವಸಾಹತಾಗಿ ಹುಟ್ಟಿದ್ದು ವೈಟ್‌ಫೀಲ್ಡ್. ಅಲ್ಲಿ ಗಾಜಿನ ಕಟ್ಟಡಗಳು ಏಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಎಲೆಕ್ಟ್ರಾನಿಕ್ ಸಿಟಿಯನ್ನು 1970ರ ದಶಕದ ಕೊನೆಯಲ್ಲಿ ಆರ್. ಕೆ. ಬಾಳಿಗ ಅವರ ಮುಂದಾಳತ್ವದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಳಿಯ 332 ಎಕರೆಯಲ್ಲಿ ಆರಂಭಿಸಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ತುಮಕೂರು ರಸ್ತೆಯ ಪಕ್ಕದ ಪೀಣ್ಯ ಸಣ್ಣ ಕೈಗಾರಿಕೆಗಳ ಬಹುದೊಡ್ಡ ನೆಲೆಯಾಗಿ ಬೆಳೆಯತೊಡಗಿತು. ಈ ಮೂರೂ ಕಡೆ ಕಟ್ಟಡಗಳು ಒಂದೇ ಸಲಕ್ಕೆ ನೆಲವನ್ನು ತುಂಬಲಿಲ್ಲ, ನಡುನಡುವೆ ತುಂಡು ತುಂಡಾಗಿ ಖಾಲಿ ಜಾಗ ಉಳಿಯುತ್ತ ಬಂತು. ಬೇಟೆಹಕ್ಕಿಗಳ ಇಂದಿನ ಬದುಕು ನಿಂತಿರುವುದು ಹೀಗೆ ಉಳಿದ ಖಾಲಿ ಜಾಗದ ಮೇಲೆ.

ಎಲ್ಲಕ್ಕಿಂತ ಸುಲಭವಾಗಿ ಕಾಣುವುದು ಸಾಮಾನ್ಯ ಹದ್ದು. ಗಾಢ ಕಂದು ಮೈ, ಒಂದೂವರೆ ಮೀಟರಿನಷ್ಟು ರೆಕ್ಕೆಯ ಹರವು, ಹಾರುವಾಗ ತಿರುವಿಗೆ ತಕ್ಕಂತೆ ತಿರುಚಿಕೊಳ್ಳುವ ಕವಲು ಬಾಲ ಇದರ ಗುರುತುಗಳು. ನಮ್ಮಲ್ಲಿ ಕಾಣುವ ಉಪಜಾತಿಗೆ ಕರ್ನಲ್ ಸೈಕ್ಸ್ 1832ರಲ್ಲಿ ಗೋವಿಂದ ಎಂಬ ಹೆಸರಿಟ್ಟನು. ಅಂದಿನಿಂದ ಜಗತ್ತಿನ ಪಕ್ಷಿಶಾಸ್ತ್ರದ ಗ್ರಂಥಗಳಲ್ಲೆಲ್ಲ ಅದು ಹಾಗೆಯೇ ದಾಖಲಾಗಿದೆ. ಇಷ್ಟು ಸಾಮಾನ್ಯವಾದ ಹಕ್ಕಿಯಾದ್ದರಿಂದ ಕ್ಯಾಮೆರಾ ಹಿಡಿದವರು ಸಾಮಾನ್ಯವಾಗಿ ಇದರತ್ತ ತಿರುಗುವುದಿಲ್ಲ, ತಿರುಗಿದರೂ ಅಪರೂಪದ ಇನ್ನೊಂದು ಹಕ್ಕಿ ಬರುವ ತನಕ ಲೆನ್ಸಿನ ಫೋಕಸ್ ಸರಿಮಾಡಿಕೊಳ್ಳಲು ಇದನ್ನು ಬಳಸಿಕೊಳ್ಳುತ್ತಾರೆ. ಇದು ದೊಡ್ಡ ನಷ್ಟ. ಮನುಷ್ಯನ ನಗರವನ್ನು ಇಷ್ಟು ಕೂಲಂಕಷವಾಗಿ ಓದಿಕೊಂಡ ಬೇಟೆಹಕ್ಕಿ ಇನ್ನೊಂದಿಲ್ಲ, ಅದರ ಓದನ್ನು ಗಮನಿಸಿದವರಿಗೆ ನಗರವೇ ಬೇರೆಯಾಗಿ ಕಾಣುತ್ತದೆ.

ಪೀಣ್ಯದ ಬೆಳಗನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಲೇತ್ ಯಂತ್ರ, ಫೋರ್ಜಿಂಗ್, ಪೌಡರ್ ಕೋಟಿಂಗ್‌ಗಳ ಸಾವಿರಾರು ಘಟಕಗಳ ತಗಡು ಮತ್ತು ಸಿಮೆಂಟ್ ಶೀಟುಗಳ ಚಾವಣಿಗಳು ಬಿಸಿಲೇರುತ್ತಿದ್ದಂತೆ ಸುತ್ತಲಿನ ಮರಗಳ ತೋಪಿಗಿಂತ ಬೇಗ ಕಾಯುತ್ತವೆ. ಅವುಗಳ ಮೇಲಿನ ಗಾಳಿ ಬಿಸಿಯಾಗಿ ಹಿಗ್ಗಿ ಹಗುರಾಗಿ ಮೇಲಕ್ಕೇಳುತ್ತದೆ. ಹೀಗೆ ನೆಟ್ಟಗೆ ಏಳುವ ಬಿಸಿಗಾಳಿಯ ಕಂಬಕ್ಕೆ ಥರ್ಮಲ್ ಎಂದು ಹೆಸರು. ರಾತ್ರಿಯನ್ನು ನೀಲಗಿರಿ ಮರಗಳಲ್ಲೋ ಮೊಬೈಲ್ ಟವರಿನ ಮೇಲೋ ಕಳೆದ ಹದ್ದುಗಳು ಬೆಳಗಿನ ತಂಪಿನಲ್ಲಿ ರೆಕ್ಕೆ ಬಡಿದು ಶ್ರಮಪಟ್ಟು ಹಾರುತ್ತವೆ, ಒಂಬತ್ತು ಗಂಟೆಯ ಹೊತ್ತಿಗೆ ಥರ್ಮಲ್ ಸಿದ್ಧವಾದಾಗ ಅದರೊಳಗೆ ಸುತ್ತು ಹಾಕುತ್ತ ರೆಕ್ಕೆ ಬಡಿಯದೆಯೇ ಮೇಲೇರಿ, ಎತ್ತರದಿಂದ ಬೇಕಾದ ದಿಕ್ಕಿಗೆ ಜಾರಿಕೊಂಡು ಹೋಗುತ್ತವೆ. ಕೆಳಗೆ ಯಾವ ಕೋಳಿ ಅಂಗಡಿಯವರು ತ್ಯಾಜ್ಯವನ್ನು ಎಷ್ಟು ಹೊತ್ತಿಗೆ ಹೊರಹಾಕುತ್ತಾರೆ, ಯಾವ ಮೋರಿಯ ಬಳಿ ಹೆಗ್ಗಣಗಳು ಓಡಾಡುತ್ತವೆ, ಯಾವ ರಸ್ತೆಯಲ್ಲಿ ಗಾಡಿಗೆ ಸಿಕ್ಕಿದ ಪ್ರಾಣಿ ಬಿದ್ದಿದೆ ಎಂಬುದೆಲ್ಲ ಅಲ್ಲಿಂದ ಅವುಗಳ ಕಣ್ಣಿಗೆ ಬೀಳುತ್ತದೆ. ಬಿದ್ದ ಚೂರನ್ನು ನೆಲಕ್ಕಿಳಿಯದೆ ಕಾಲಿನಿಂದ ಎತ್ತಿ, ಹಾರುತ್ತಲೇ ಕಾಲನ್ನು ಕೊಕ್ಕಿನ ಕಡೆಗೆ ಚಾಚಿ ತಿನ್ನುವುದು ಈ ಹಕ್ಕಿಯ ಕೌಶಲ. ಫೋಟೋದಲ್ಲಿ ಹಿಡಿಯಲು ಇದಕ್ಕಿಂತ ಒಳ್ಳೆಯ ಕ್ಷಣವನ್ನು ಬಂಡೀಪುರದಲ್ಲಿಯೂ ಹುಡುಕಬೇಕಾಗಿಲ್ಲ.

ಹದ್ದಿನ ಗೂಡುಕಟ್ಟುವ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ ಚಾಚುತ್ತದೆ. ಕಡ್ಡಿಗಳ ಒರಟು ಗೂಡಿನಲ್ಲಿ ತಂತಿ, ಬಟ್ಟೆಯ ಚಿಂದಿ, ಪ್ಲಾಸ್ಟಿಕ್ ದಾರ, ಕಾಗದ ಎಲ್ಲವೂ ಸೇರುತ್ತವೆ; ಮರ ಸಿಗದಿದ್ದರೆ ಹೈಟೆನ್ಷನ್ ಕಂಬ, ಟವರು, ಎತ್ತರದ ದೀಪಸ್ತಂಭಗಳೂ ಆಗುತ್ತವೆ. ಎರಡು ಅಥವಾ ಮೂರು ಮೊಟ್ಟೆ ಸಾಮಾನ್ಯ. ಮರಿಗಳಿರುವಾಗ ಗೂಡಿನ ಕೆಳಗೆ ನಡೆದುಹೋಗುವವರ ತಲೆಗೆ ಹದ್ದು ಎರಗುವುದುಂಟು. ಅದನ್ನು ಅಪಶಕುನವೆಂದೋ ಹಕ್ಕಿಗೆ ಹುಚ್ಚು ಹಿಡಿದಿದೆಯೆಂದೋ ತಿಳಿದು ಗೂಡು ಕೆಡವಿಸುವವರಿದ್ದಾರೆ. ಕೆಲವು ವಾರ ಆ ದಾರಿಯಲ್ಲಿ ಛತ್ರಿ ಹಿಡಿದು ನಡೆದರೆ ಸಾಕು, ಮರಿಗಳು ಹಾರಿದ ಮೇಲೆ ಎರಗುವುದು ತಾನಾಗಿ ನಿಲ್ಲುತ್ತದೆ.

ಹದ್ದುಗಳ ಸಂಖ್ಯೆಗೂ ನಗರದ ತ್ಯಾಜ್ಯಕ್ಕೂ ಇರುವ ನಂಟನ್ನು ಆಡಳಿತವೇ ಒಪ್ಪಿಕೊಂಡಿದೆ. ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆದಾಗಲೆಲ್ಲ ಸುತ್ತಲಿನ ಮಾಂಸದ ಅಂಗಡಿಗಳನ್ನು ಮುಚ್ಚಿಸುವ ಆದೇಶ ಹೊರಡುತ್ತದೆ. 2025ರಲ್ಲಿ ಈ ನಿರ್ಬಂಧದ ವ್ಯಾಪ್ತಿ ವಾಯುನೆಲೆಯಿಂದ 13 ಕಿಲೋಮೀಟರ್ ಇತ್ತು. ತೆರೆದಲ್ಲಿ ಬಿದ್ದ ಮಾಂಸದ ಚೂರುಗಳು ಹದ್ದುಗಳನ್ನು ಕರೆಯುತ್ತವೆ, ಹದ್ದು ಬಡಿದರೆ ವಿಮಾನದ ಎಂಜಿನ್ ಕೆಡುತ್ತದೆ ಎಂಬುದು ಅದರ ಕಾರಣ. ಕೆಲವು ವಾರಗಳ ಮಟ್ಟಿಗೆ ಅಂಗಡಿ ಮುಚ್ಚಿಸುವುದಕ್ಕಿಂತ ವರ್ಷಪೂರ್ತಿ ತ್ಯಾಜ್ಯವನ್ನು ಮುಚ್ಚಿದ ಗಾಡಿಯಲ್ಲಿ ಸಾಗಿಸುವ ಏರ್ಪಾಡು ಹಕ್ಕಿಗೂ ವಿಮಾನಕ್ಕೂ ಅಂಗಡಿಯವರಿಗೂ ಹಿತವಾದೀತು. ರಣಹದ್ದುಗಳ ಕಣ್ಮರೆಯನ್ನೂ ಇಲ್ಲಿ ನೆನೆಯಬೇಕು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದಾದ್ಯಂತ ಅವುಗಳನ್ನು ಅಳಿಸಿಹಾಕಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ಹಾನಿ ಆಗಿಹೋಗಿತ್ತು. 2012ರಲ್ಲಿ ರಣಹದ್ದು ಧಾಮವೆಂದು ಘೋಷಿತವಾದ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಸತ್ತದ್ದನ್ನು, ಎಸೆದದ್ದನ್ನು ತೆರವು ಮಾಡುವ ಕೆಲಸ ಬೆಂಗಳೂರಿನ ಸುತ್ತ ಈಗ ಹದ್ದು, ಕಾಗೆ, ಬೀದಿನಾಯಿಗಳ ಪಾಲಿಗೆ ಬಂದಿದೆ.

ಕೆರೆಗಳ ಮೇಲೆ ಹಾರುವ ಗರುಡ ಇದೇ ಹದ್ದಿನ ಹತ್ತಿರದ ಬಂಧು. ಬಿಳಿಯ ತಲೆ ಮತ್ತು ಎದೆ, ಇಟ್ಟಿಗೆಗೆಂಪು ರೆಕ್ಕೆ, ಕವಲಿಲ್ಲದ ದುಂಡು ಬಾಲದ ಈ ಹಕ್ಕಿಯನ್ನು ಕಂಡರೆ ಕೈ ಮುಗಿಯುವವರು ವರ್ತೂರು, ಹುಸ್ಕೂರು, ಹೊಸಕೋಟೆಗಳ ಏರಿಗಳ ಮೇಲೆ ಇಂದಿಗೂ ಇದ್ದಾರೆ. ಒಡೆಯ ಸತ್ತಾಗ ತಾವೂ ಪ್ರಾಣ ಬಿಡುವ ಪಣ ತೊಟ್ಟ ಹೊಯ್ಸಳರ ಕಾಲದ ಅಂಗರಕ್ಷಕರಿಗೆ ಗರುಡರೆಂದೇ ಹೆಸರಿತ್ತು. ಇಮ್ಮಡಿ ಬಲ್ಲಾಳನ ಕಾಲದ ಅಂಥ ಒಬ್ಬ ಗರುಡ ಕುವರ ಲಕ್ಷ್ಮನ ಸ್ಮಾರಕಸ್ತಂಭ ಹಳೇಬೀಡಿನಲ್ಲಿದೆ. ಇಷ್ಟು ಗೌರವ ಪಡೆದ ಹಕ್ಕಿಯ ಕೆರೆಗಳಿಗೆ ಅಂಥ ಗೌರವ ಸಿಗಲಿಲ್ಲ. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯ ಅಂಗಳಕ್ಕೆ ಬೆಂಕಿ ಬಿದ್ದದ್ದನ್ನೂ ದೇಶವೇ ನೋಡಿದೆ. ಗರುಡ ನೋಡುವವರು ಒಂದು ಸಂಗತಿಯನ್ನು ತಿಳಿದಿರಬೇಕು: ಇದರ ಎಳೆಯ ಹಕ್ಕಿಗೆ ಬಿಳಿ ತಲೆಯೂ ಕೆಂಪು ರೆಕ್ಕೆಯೂ ಇರದೆ ಮೈಯೆಲ್ಲ ಕಂದಾಗಿರುವುದರಿಂದ ಅದನ್ನು ಸಾಮಾನ್ಯ ಹದ್ದೆಂದು ಭಾವಿಸುವುದು ತೀರ ಸುಲಭ, ಬಾಲದ ಅಂಚನ್ನು ನೋಡಿದರೆ ಸಂಶಯ ತೀರುತ್ತದೆ.

ಅಪಾರ್ಟ್‌ಮೆಂಟುಗಳ ಹೊಂಗೆ, ಮಳೆಮರ, ಗುಲ್‌ಮೊಹರ್‌ಗಳ ನಡುವೆ ಇರುವುದು ಶಿಕ್ರಾ, ಪಾರಿವಾಳಕ್ಕಿಂತ ದೊಡ್ಡದಲ್ಲದ ಡೇಗೆ. ಬೂದುಬಣ್ಣದ ಬೆನ್ನು, ಎದೆಯ ಮೇಲೆ ತಿಳಿಗೆಂಪಿನ ಅಡ್ಡಗೆರೆ, ಗಂಡಿನ ಕೆಂಪು ಕಣ್ಣು ಇದರ ಲಕ್ಷಣ; ಬೇಟೆಹಕ್ಕಿಗಳಲ್ಲಿ ಸಾಮಾನ್ಯವಾಗಿರುವಂತೆ ಹೆಣ್ಣು ಗಂಡಿಗಿಂತ ದೊಡ್ಡದು. ಇದನ್ನು ಹುಡುಕುವ ದಾರಿ ಕಣ್ಣಿಗಿಂತ ಕಿವಿಯದು. ಅಳಿಲುಗಳು ಒಂದೇ ಸಮನೆ ಚಿರ್ ಚಿರ್ ಎಂದು ಕೂಗತೊಡಗಿದರೆ, ಕಾಗೆ ಮತ್ತು ಕಾಜಾಣಗಳು ಒಂದೇ ಕೊಂಬೆಯತ್ತ ಎರಗಿ ಎರಗಿ ಹೋದರೆ, ಆ ಎಲೆಗಳ ಮರೆಯಲ್ಲಿ ಶಿಕ್ರಾ ಕುಳಿತಿರುವ ಸಂಭವ ಹೆಚ್ಚು. ಓತಿಕ್ಯಾತ, ಇಲಿ, ಅಳಿಲಿನ ಮರಿ, ಮೈನಾ ಇದರ ಆಹಾರ. ಬೆನ್ನಟ್ಟಿ ದಣಿಸುವ ಪದ್ಧತಿ ಇದರದಲ್ಲ. ಮರೆಯಲ್ಲಿ ಕುಳಿತು ಕಾದು, ನೆಲಮಟ್ಟದಲ್ಲಿ ವೇಗವಾಗಿ ಹಾರಿ ಹಿಡಿಯುತ್ತದೆ. ಪಳಗಿಸುವುದು ಸುಲಭವಾದ್ದರಿಂದ ಭಾರತದ ಬೇಟೆಗಾರರು ಶಿಕ್ರಾವನ್ನು ಬಹುಕಾಲ ಸಾಕಿದ್ದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದ, ಅಂದರೆ ಡೇಗೆಗಳನ್ನು ಬಿಟ್ಟು ಆಡುವ ಬೇಟೆ, ಒಂದು ಪ್ರಕರಣವಾಗಿಯೇ ಬರುತ್ತದೆ. ಬೇಟೆಹಕ್ಕಿಯನ್ನು ದಿನವೂ ಹತ್ತಿರದಿಂದ ಗಮನಿಸುವ ಅಭ್ಯಾಸ ಈ ನಾಡಿಗೆ ಹೊಸದಲ್ಲ; ಹಕ್ಕಿಯನ್ನು ಕೈಯ ಮೇಲೆ ಕೂರಿಸಿಕೊಳ್ಳದೆ, ಅದರ ಪಾಡಿಗೆ ಅದನ್ನು ಬಿಟ್ಟು ಗಮನಿಸುವುದು ಹೊಸದು, ಮೇಲಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಹಕ್ಕಿಗಳನ್ನು ಹಿಡಿಯುವುದೂ ಸಾಕುವುದೂ ಇಂದು ಅಪರಾಧ.

ಗಾಜಿನ ಕಟ್ಟಡಗಳೂ ಒಂದು ಬೇಟೆಹಕ್ಕಿಯನ್ನು ಕರೆತಂದಿವೆ. ಬಹುಮಹಡಿ ಕಚೇರಿಗಳ ಚಾಚುಗಳಿಗೆ, ನೀರಿನ ಟ್ಯಾಂಕುಗಳ ತಳಕ್ಕೆ ಹೆಜ್ಜೇನು ಬಂದು ತಟ್ಟಿ ಕಟ್ಟುತ್ತದೆ. ಎತ್ತರದ ಬಂಡೆಯ ಚಾಚಿಗೂ ಇದಕ್ಕೂ ಆ ಹುಳಕ್ಕೆ ವ್ಯತ್ಯಾಸವಿಲ್ಲ. ಆ ತಟ್ಟಿಯನ್ನು ಹುಡುಕಿಕೊಂಡು ಜೇನುಗಿಡುಗ ಬರುತ್ತದೆ. ಉದ್ದ ಕುತ್ತಿಗೆ, ಪಾರಿವಾಳದಂಥ ಸಣ್ಣ ತಲೆಯ ಈ ದೊಡ್ಡ ಹಕ್ಕಿಯ ಮುಖದ ಗರಿಗಳು ಹುರುಪೆಯಂತೆ ಚಿಕ್ಕದಾಗಿ ಒತ್ತೊತ್ತಾಗಿದ್ದು ಜೇನಿನ ಕೊಂಡಿಯಿಂದ ಕಾಪಾಡುತ್ತವೆ. ಇದಕ್ಕೆ ಬೇಕಾದದ್ದು ತುಪ್ಪಕ್ಕಿಂತ ಮುಖ್ಯವಾಗಿ ತಟ್ಟಿಯೊಳಗಿನ ಮರಿಹುಳ. ಕೀಟನಾಶಕ ಹೊಡೆಸಿ ಜೇನನ್ನು ಕೊಲ್ಲಿಸುವ ಕಟ್ಟಡಗಳಲ್ಲಿ ಈ ದೃಶ್ಯ ಕಾಣಸಿಗುವುದಿಲ್ಲ, ವಿಷ ತಗುಲಿದ ತಟ್ಟಿಯನ್ನು ತಿನ್ನಲು ಬಂದ ಹಕ್ಕಿಗೂ ಅದು ಅಪಾಯ.

ಈ ಹೊರವಲಯದ ಕಥೆಯನ್ನು ಪೂರ್ತಿಯಾಗಿ ಹೇಳುವ ಹಕ್ಕಿ ರಾಮದಾಸ ಹದ್ದು. ಕಾಗೆಗಿಂತ ಚಿಕ್ಕದಾದ, ಬೂದುಬಿಳುಪಿನ ಮೈಯ, ಭುಜದ ಮೇಲೆ ಕರಿಪಟ್ಟೆಯುಳ್ಳ, ಕಡುಕೆಂಪು ಕಣ್ಣಿನ ಈ ಹಕ್ಕಿ ವಿದ್ಯುತ್ ತಂತಿಯ ಮೇಲೆ ಒಂಟಿಯಾಗಿ ಕುಳಿತು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಬೇಟೆಗೆ ಹೊರಟಾಗ ಗಾಳಿಗೆ ಎದುರಾಗಿ, ಆಕಾಶದ ಒಂದೇ ಬಿಂದುವಿನಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕೆಳಗಿನ ಹುಲ್ಲಿನಲ್ಲಿ ಇಲಿಯ ಚಲನೆ ಕಂಡೊಡನೆ ಕಾಲು ಚಾಚಿ ಹಂತಹಂತವಾಗಿ ಇಳಿಯುತ್ತದೆ. ಇದಕ್ಕೆ ದಟ್ಟ ಮರ ಬೇಡ. ತೆರೆದ ಹುಲ್ಲು, ಇಲಿ, ಕೂರಲು ಒಂದು ತಂತಿ ಅಥವಾ ಒಣಕೊಂಬೆ, ಗೂಡಿಗೆ ಒಂದು ಕುಳ್ಳ ಜಾಲಿಯೋ ಸಿಲ್ವರ್ ಓಕೋ ಇದ್ದರೆ ಆಯಿತು. ಹೊರವಲಯದ ಬಡಾವಣೆಗಳ ಹುಟ್ಟಿನ ಕ್ರಮ ಇದಕ್ಕೆ ತಕ್ಕಂತೆಯೇ ಇದೆ. ರಾಗಿಯ ಹೊಲ ಮಾರಾಟವಾಗಿ, ಮೂಲೆಗೆ ಕಲ್ಲು ನೆಟ್ಟು ಸೈಟುಗಳಾಗಿ, ಮಣ್ಣಿನ ರಸ್ತೆಯೂ ಕಂಬಗಳೂ ಬಂದ ಮೇಲೆ ಮನೆಗಳು ಏಳುವುದಕ್ಕೆ ಮುನ್ನ ಕೆಲವು ವರ್ಷ ಕಳೆಯುತ್ತವೆ. ಆ ಅವಧಿಯಲ್ಲಿ ಉಳುಮೆ ಇಲ್ಲದ ನೆಲದಲ್ಲಿ ಹುಲ್ಲು, ಪಾರ್ಥೇನಿಯಂ, ಲಂಟಾನ ಬೆಳೆದು ಇಲಿಗಳು ಸೇರುತ್ತವೆ, ಇಲಿಗಳ ಹಿಂದೆ ರಾಮದಾಸ ಹದ್ದು ಬಂದು ಗೂಡು ಕಟ್ಟಿ ಮರಿ ಮಾಡುತ್ತದೆ. ಮೊದಲ ಪಾಯ ತೋಡಿದ ಮೇಲೂ ಹಕ್ಕಿ ಸ್ವಲ್ಪ ಕಾಲ ಇರುತ್ತದೆ, ಕಾಂಪೌಂಡುಗಳು ಒಂದಕ್ಕೊಂದು ಕೂಡಿದ ಮೇಲೆ ಇರುವುದಿಲ್ಲ. ಹೊಲವಾಗಿ ಮುಗಿದು ಮನೆಯಾಗಿ ಆರಂಭವಾಗದ ನಡುಗಾಲವೇ ಈ ಹಕ್ಕಿಯ ನೆಲೆ. ಸರ್ಜಾಪುರ ರಸ್ತೆ, ಆನೇಕಲ್, ಜಿಗಣಿ, ಬೂದಿಗೆರೆಗಳ ಕಡೆ ಈ ನಡುಗಾಲ ಸರಿಯುತ್ತ ಹೋದಂತೆ ಹಕ್ಕಿಯೂ ಹೊರಕ್ಕೆ ಸರಿಯುತ್ತದೆ.

ತೆರೆದ ನೆಲದ ಬಗ್ಗೆ ನಗರದ ಜನರಲ್ಲಿ ಒಂದು ಅಸಡ್ಡೆಯಿದೆ. ಕಂದಾಯ ದಾಖಲೆಗಳಲ್ಲಿ ಖರಾಬು, ಅಂದರೆ ಸಾಗುವಳಿಗೆ ಒದಗದ ನೆಲ, ಎಂದು ಬರೆದ ಜಾಗವನ್ನು ಮನೆಗೋ ಕಾರ್ಖಾನೆಗೋ ಕೊಡಬೇಕು, ಅದಾಗದಿದ್ದರೆ ಗಿಡ ನೆಟ್ಟು ಹಸಿರು ಮಾಡಬೇಕು ಎಂಬ ಭಾವನೆ ಬಲವಾಗಿದೆ. ಹುಲ್ಲುಗಾವಲಾಗಿಯೇ ಉಳಿಯಲಿ ಎಂದು ವಾದಿಸುವವರು ಕಡಿಮೆ. ಮರ ನೆಡುವುದು ಪುಣ್ಯದ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ, ಆದರೆ ಹುಲ್ಲುಗಾವಲಿನ ಮೇಲೆ ಸಾಲುಸಾಲಾಗಿ ಸಸಿ ನೆಟ್ಟರೆ ಅಲ್ಲಿನ ಬೇಟೆಹಕ್ಕಿಗಳನ್ನು ಓಡಿಸಿದಂತೆಯೇ. ಹುಲ್ಲುಗಾವಲಿನ ಬೆಲೆ ಏನೆಂಬುದನ್ನು ಪೀಣ್ಯದಿಂದ ದೂರವಿಲ್ಲದ ಹೆಸರಘಟ್ಟದಲ್ಲಿ ಕಾಣಬಹುದು. 1894ರಲ್ಲಿ ಅರ್ಕಾವತಿಯ ನೀರನ್ನು ಬೆಂಗಳೂರಿಗೆ ತರಲು ಕಟ್ಟಿದ ಕೆರೆಯ ಪಕ್ಕದ ಆ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಸೆಳೆವಗಳು ಬರುತ್ತವೆ. ಉದ್ದ ರೆಕ್ಕೆಗಳನ್ನು ಸ್ವಲ್ಪ ಮೇಲೆತ್ತಿ ಹಿಡಿದು, ಹುಲ್ಲಿನ ತುದಿಗೆ ತಾಗುವಷ್ಟು ಕೆಳಗೆ, ತೇಲಿದಂತೆ ಹಾರುವ ಈ ಹಕ್ಕಿಗಳು ರಾತ್ರಿ ನೆಲದ ಮೇಲೆಯೇ, ಹುಲ್ಲಿನೊಳಗೆ ಗುಂಪಾಗಿ ತಂಗುತ್ತವೆ. ಮರವೇರುವುದು ಅಪರೂಪವಾದ್ದರಿಂದ ಹುಲ್ಲು ಹೋದರೆ ಅವುಗಳಿಗೆ ರಾತ್ರಿಯ ತಾಣವಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೆಳೆವಗಳ ಇಂಥ ತಂಗುದಾಣಗಳ ಎಣಿಕೆಯನ್ನು ದೇಶದ ಬೇರೆ ಬೇರೆ ಕಡೆ ನಡೆಸಿ ಅವುಗಳ ಇಳಿಕೆಯನ್ನು ತೋರಿಸಿದ್ದಾರೆ. ಭಾರತದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತು 2023ರಲ್ಲಿ ಹೊರಬಂದ, 942 ಜಾತಿಗಳನ್ನು ಪರಿಶೀಲಿಸಿದ ವರದಿಯೂ ಮಾಂಸಾಹಾರಿ ಹಕ್ಕಿಗಳು, ತೆರೆದ ನೆಲವನ್ನು ನೆಚ್ಚಿದ ಹಕ್ಕಿಗಳು ಹೆಚ್ಚು ಕುಸಿದಿವೆ ಎಂದೇ ಹೇಳುತ್ತದೆ. ಹೆಸರಘಟ್ಟದ ಸುತ್ತಲಿನ 5,600ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡುವ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟದ್ದು ಈ ದಿಕ್ಕಿನಲ್ಲಿ ಬಹಳ ದೊಡ್ಡ ಹೆಜ್ಜೆ.

ಇಂಥ ಹಕ್ಕಿಗಳ ಛಾಯಾಗ್ರಹಣಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಪರಂಪರೆಯಿದೆ. ಬೆಂಗಳೂರಿನಲ್ಲಿದ್ದ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ (1932–2017), ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ಇವರೆಲ್ಲ ರೀಲು ತುಂಬಿದ ಕ್ಯಾಮೆರಾಗಳ ಕಾಲದವರು. ಒಂದೊಂದು ಕ್ಲಿಕ್ಕಿಗೂ ದುಡ್ಡು ತೆರಬೇಕಾಗಿದ್ದ ಆ ಕಾಲದಲ್ಲಿ ಹಕ್ಕಿಯ ವರ್ತನೆಯನ್ನು ಮೊದಲು ಕಲಿತು ಆಮೇಲೆ ಷಟರ್ ಒತ್ತುವುದು ಅನಿವಾರ್ಯವಾಗಿತ್ತು. ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಫೋಟೋ ತೆಗೆದು ಅವುಗಳ ಬಗ್ಗೆ ಕನ್ನಡದಲ್ಲಿ ಬರೆದ ಪೂರ್ಣಚಂದ್ರ ತೇಜಸ್ವಿಯವರು ಮನೆಯ ಸುತ್ತಲಿನ ಹಕ್ಕಿಯೂ ಗಂಭೀರ ಅಧ್ಯಯನಕ್ಕೆ ಯೋಗ್ಯವೆಂಬುದನ್ನು ಕನ್ನಡ ಓದುಗರಿಗೆ ಮನಗಾಣಿಸಿದರು. ಇಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾ ಸಂಬಳದಾರರ ಕೈಗೂ ಎಟುಕಿದೆ, ಆದರೂ ಹಕ್ಕಿಯನ್ನು ಕಲಿಯುವ ಕೆಲಸವನ್ನು ಆ ಯಂತ್ರ ಮಾಡಿಕೊಡುವುದಿಲ್ಲ.

ಹಾರುವ ಬೇಟೆಹಕ್ಕಿಯ ಚಿತ್ರಕ್ಕೆ ಸಾಮಾನ್ಯವಾಗಿ 400ರಿಂದ 600 ಮಿಲಿಮೀಟರ್ ಲೆನ್ಸನ್ನೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಷಟರ್ ವೇಗವನ್ನೂ ಬಳಸುತ್ತಾರೆ. ಎದುರಾಗುವ ಮೊದಲ ತೊಡಕು ಬಿಳಿಯ ಆಕಾಶ: ಕ್ಯಾಮೆರಾದ ಬೆಳಕಿನ ಮಾಪಕ ಒಟ್ಟು ದೃಶ್ಯವನ್ನು ನಡುಬೂದಿಗೆ ತರಲು ನೋಡುವುದರಿಂದ ಹಕ್ಕಿ ಬರಿಯ ಕಪ್ಪು ಆಕಾರವಾಗಿಬಿಡುತ್ತದೆ, ಆದ್ದರಿಂದ ಎಕ್ಸ್‌ಪೋಷರ್ ಎಂಬ ಬೆಳಕಿನ ಪ್ರಮಾಣವನ್ನು ಒಂದರಿಂದ ಎರಡು ಸ್ಟಾಪ್ ಹೆಚ್ಚಿಸಬೇಕಾಗುತ್ತದೆ. ಹೊಂಗೆಯ ಕಡುಹಸಿರನ್ನು ಹಿನ್ನೆಲೆಯಾಗಿಸಿಕೊಂಡು ಕುಳಿತ ರಾಮದಾಸ ಹದ್ದಿಗೆ ಇದಕ್ಕೆ ತದ್ವಿರುದ್ಧವಾಗಿ ಬೆಳಕನ್ನು ಇಳಿಸಬೇಕು, ಇಲ್ಲವಾದರೆ ಅದರ ಬಿಳಿ ಎದೆಯ ಗರಿಗಳು ಗುರುತು ಸಿಗದಂತೆ ಕರಗಿಹೋಗುತ್ತವೆ. ಎರಡನೆಯ ತೊಡಕು ಇನ್ನೂ ಕಠಿಣ. ಹದ್ದುಗಳನ್ನು ಮೇಲಕ್ಕೊಯ್ಯುವ ಅದೇ ಬಿಸಿಗಾಳಿ ಚಿತ್ರವನ್ನು ಕೆಡಿಸುತ್ತದೆ. ಕಾದ ತಗಡು, ಟಾರು, ಕಾಂಕ್ರೀಟಿನ ಮೇಲಿನ ಗಾಳಿ ಅಲೆಯಲೆಯಾಗಿ ಬೆಳಕನ್ನು ಬಾಗಿಸುವುದರಿಂದ ದೂರದ ಹಕ್ಕಿಯ ಅಂಚು ನಡುಗಿದಂತೆ ಮೂಡುತ್ತದೆ, ಎಷ್ಟು ಬೆಲೆಯ ಲೆನ್ಸಿನಲ್ಲೂ ಇದಕ್ಕೆ ಮದ್ದಿಲ್ಲ. ಹೀಗಾಗಿ ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಅಮೂಲ್ಯ. ಆಗ ಓರೆಯಾಗಿ ಬರುವ ಬೆಳಕು ರೆಕ್ಕೆಯ ಕೆಳಭಾಗಕ್ಕೂ ತಲುಪುತ್ತದೆ. ನಡುಹಗಲಿನಲ್ಲಿ ಹಕ್ಕಿಯ ಹೊಟ್ಟೆ ನೆರಳಿನಲ್ಲಿದ್ದರೂ ಒಣಗಿದ ಕೆರೆಯಂಗಳ ಅಥವಾ ಸುಣ್ಣದ ಬಣ್ಣದ ತಾರಸಿಯ ಮೇಲೆ ಹಾರುವ ಹಕ್ಕಿಗೆ ನೆಲದಿಂದ ಚಿಮ್ಮಿದ ಬೆಳಕು ದೊರೆಯುತ್ತದೆ, ಬೇಸಿಗೆಯ ಹೊಸಕೋಟೆ ಕೆರೆಯಂಗಳದಲ್ಲಿ ಇದನ್ನು ಚೆನ್ನಾಗಿ ಬಳಸಿಕೊಳ್ಳಬಹುದು.

ಕ್ಯಾಮೆರಾದ ನಿಜವಾದ ಉಪಯೋಗ ಚೆಂದದ ಚಿತ್ರಕ್ಕಿಂತ ದೊಡ್ಡದು. ಬೇಟೆಹಕ್ಕಿಗಳನ್ನು ಗುರುತಿಸುವುದು ಪಕ್ಷಿವೀಕ್ಷಣೆಯಲ್ಲೇ ಕಷ್ಟದ ಭಾಗ. ಒಂದೇ ಜಾತಿಯಲ್ಲಿ ಬಣ್ಣಗಳು ಬೇರೆ, ಎಳೆಯದಕ್ಕೂ ಬೆಳೆದದ್ದಕ್ಕೂ ಉಡುಪು ಬೇರೆ, ಮೇಲಾಗಿ ಕಣ್ಣಿಗೆ ಸಿಗುವುದು ಕೆಲವೇ ಸೆಕೆಂಡು. ಚಿತ್ರವಿದ್ದರೆ ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ಚಾಚುವ ಗರಿಗಳನ್ನು ನಿಧಾನವಾಗಿ ಎಣಿಸಬಹುದು. ಶಿಕ್ರಾಕ್ಕೆ ಐದು, ಚಳಿಗಾಲದಲ್ಲಿ ಬರಬಹುದಾದ ಅದರದೇ ಹೋಲಿಕೆಯ ಗುಬ್ಬಿಡೇಗೆಗೆ ಆರು ಇರುವುದರಿಂದ, ತಾರಸಿಯ ಮೇಲಿಂದ ತೆಗೆದ ಮಸುಕಾದ ಚಿತ್ರವೂ ಅಪರೂಪದ ವಲಸಿಗನೊಂದರ ದಾಖಲೆಯಾದೀತು. ಎದೆಯ ಮೇಲೆ ಅಡ್ಡಗೆರೆಗಳ ಬದಲು ನೀರ ಹನಿಗಳು ಇಳಿದಂಥ ಕಂದು ಚುಕ್ಕೆಗಳಿದ್ದರೆ ಅದು ಆ ವರ್ಷ ಹುಟ್ಟಿದ ಶಿಕ್ರಾ, ಅಂದರೆ ಆಸುಪಾಸಿನಲ್ಲಿ ಎಲ್ಲೋ ಗೂಡು ಯಶಸ್ವಿಯಾಗಿದೆ. ಸಾಲಿಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಜಾತಿ ಖಚಿತವಾಗಲು ಹಕ್ಕಿಯನ್ನು ಹೊಡೆದು ಚರ್ಮವನ್ನು ಸಂಗ್ರಹಿಸುವುದೇ ರೂಢಿಯ ವಿಧಾನವಾಗಿತ್ತು. ಆ ಕೆಲಸದ ಬಹುಭಾಗವನ್ನು ಇಂದು ದಿನಾಂಕ ಮತ್ತು ಸ್ಥಳ ನಮೂದಿಸಿದ ಒಂದು ಚಿತ್ರ ಮಾಡುತ್ತದೆ. ಇದಕ್ಕಾಗಿಯೇ ದೂರದ ಅಭಯಾರಣ್ಯಕ್ಕೆ ವರ್ಷಕ್ಕೊಮ್ಮೆ ಹೋಗಿ ಬರುವವರ ಸಾವಿರ ಚಿತ್ರಗಳಿಗಿಂತ ಮನೆಯೆದುರಿನ ಅದೇ ತಂತಿಯನ್ನು ವಾರಕ್ಕೊಮ್ಮೆ ನೋಡಿ ಹಕ್ಕಿ ಇತ್ತು, ಇರಲಿಲ್ಲ ಎಂದು ಬರೆದಿಡುವವರ ಸಾಧಾರಣ ಚಿತ್ರಗಳು ಹೆಚ್ಚು ಬೆಲೆಯುಳ್ಳವು. ಮೂಲೆಗಲ್ಲು ನೆಟ್ಟ ಹೊಲದಿಂದ ಕೊನೆಯ ಕಾಂಪೌಂಡಿನ ತನಕ ಒಂದು ಬಡಾವಣೆ ಬದಲಾದದ್ದು ಪಹಣಿಯಲ್ಲಿಯೂ ನಕ್ಷೆಯಲ್ಲಿಯೂ ಸಿಗುತ್ತದೆ, ಆ ವರ್ಷಗಳಲ್ಲಿ ಅಲ್ಲಿ ಯಾವ ಜೀವ ಬದುಕಿ ಹೋಯಿತೆಂಬುದು ಈ ಚಿತ್ರಗಳಲ್ಲಿ ಮಾತ್ರ ಸಿಗುತ್ತದೆ.

ಇಷ್ಟು ಉಪಯೋಗದ ಹವ್ಯಾಸ ಹಕ್ಕಿಗೆ ಕೇಡಾಗುವುದೂ ಉಂಟು. ಚಿತ್ರದ ಆಸೆಗೆ ಗೂಡಿನ ಮುಂದಿನ ಕೊಂಬೆ ಕತ್ತರಿಸುವುದು, ಮೊಬೈಲಿನಲ್ಲಿ ಕೂಗು ಕೇಳಿಸಿ ಕರೆಯುವುದು, ಇಲಿಯನ್ನು ಕಟ್ಟಿಹಾಕಿ ಆಸೆ ತೋರಿಸುವುದು, ಸೆಳೆವಗಳು ತಂಗುವ ಹುಲ್ಲಿನ ಮೇಲೆ ಕಾರು ಓಡಿಸುವುದು ಇವೆಲ್ಲ ನಡೆಯುತ್ತಿವೆ, ಇವುಗಳನ್ನು ಹವ್ಯಾಸವೆಂದು ಕರೆಯಲಾಗದು. ಕೊಂಬೆ ಕತ್ತರಿಸಿದ ಗೂಡಿನ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ, ಕಾಗೆಗಳಿಗೂ ದಾರಿ ಕಾಣುತ್ತದೆ. ಗೂಡಿರುವ ಮರದ ಸ್ಥಳವನ್ನು ನಕ್ಷೆಯ ಗುರುತಿನೊಡನೆ ಹತ್ತು ಮಂದಿಗೆ ಕಳುಹಿಸುವುದೂ ಅದೇ ಪರಿಣಾಮದ ಕೆಲಸ. ಗೂಡಿನ ಕಾಲ ಮುಗಿಯುವವರೆಗೆ ಸ್ಥಳವನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಒಳ್ಳೆಯ ಛಾಯಾಗ್ರಾಹಕರ ಮರ್ಯಾದೆ. ತನ್ನನ್ನು ನೋಡುತ್ತಿರುವವರತ್ತ ಹಕ್ಕಿ ಪದೇ ಪದೇ ತಲೆ ತಿರುಗಿಸಿದರೆ, ಮೈ ಕೆಳಗೆ ಮಾಡಿ ಹಾರುವ ಸನ್ನಾಹ ತೋರಿದರೆ, ದೂರ ಸಾಲದೆಂದು ತಿಳಿದು ಹಿಂದಕ್ಕೆ ಸರಿಯಬೇಕು.

ನೋಡುವವರು ಎದುರಿಸಬೇಕಾದ ಇನ್ನೊಂದು ಸಂಗತಿ ಗಾಳಿಪಟದ ಮಾಂಜಾ. ಬೇಸಿಗೆಯ ಹೊತ್ತಿಗೆ ಗೂಡು ಬಿಟ್ಟ ಹದ್ದಿನ ಮರಿಗಳು ಹಾರಾಟವನ್ನು ಇನ್ನೂ ಪಳಗಿಸಿಕೊಳ್ಳುತ್ತಿರುವಾಗಲೇ ಆಷಾಢದ ಗಾಳಿಯೊಡನೆ ಗಾಳಿಪಟಗಳು ಏಳುತ್ತವೆ. ಗಾಜಿನ ಪುಡಿ ಬಳಿದ ದಾರ, ನೈಲಾನಿನ ದಾರ ರೆಕ್ಕೆಯ ಸ್ನಾಯುವನ್ನು ಮೂಳೆಯವರೆಗೆ ಕೊಯ್ಯುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಇಂಥ ಕೃತಕ ದಾರಗಳನ್ನು ದೇಶದಾದ್ಯಂತ ನಿಷೇಧಿಸಿತಾದರೂ ಮರಗಳಲ್ಲಿ, ಕೇಬಲ್ಲುಗಳಲ್ಲಿ ಸಿಕ್ಕಿಕೊಂಡ ದಾರ ಗಾಳಿಪಟದ ಕಾಲ ಮುಗಿದ ಮೇಲೂ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ದಾರದಲ್ಲಿ ತೂಗಾಡುವ ಹದ್ದನ್ನು ಕಂಡವರು ದಾರವನ್ನು ಎಳೆಯಬಾರದು, ಎಳೆದಷ್ಟೂ ಗಾಯ ಆಳವಾಗುತ್ತದೆ. ಹಕ್ಕಿಯಿಂದ ತುಸು ದೂರದಲ್ಲಿ ದಾರ ಕತ್ತರಿಸಿ, ದಪ್ಪ ಟವಲಿನಿಂದ ತಲೆಸಹಿತ ಮುಚ್ಚಿ, ಉಗುರುಗಳಿಂದ ಕೈಯನ್ನು ಕಾಪಾಡಿಕೊಂಡು, ಗಾಳಿಗೆ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಇಡಬೇಕು. ಕತ್ತಲಾದರೆ ಹಕ್ಕಿಯ ಗಾಬರಿ ಇಳಿಯುತ್ತದೆ. ಅನ್ನ, ಹಾಲು, ಬಾಯಿಗೆ ನೀರು ಯಾವುದನ್ನೂ ಕೊಡದೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೋ ನಗರದ ಬೇರೆ ಪುನರ್ವಸತಿ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು. ಸ್ನಾಯು ಉಳಿದಿದ್ದು ಗರಿ ಮಾತ್ರ ತುಂಡಾಗಿದ್ದರೆ ಹಕ್ಕಿಗೆ ಹಾರಾಟ ಮರಳುವ ಆಸೆಯಿದೆ; ತುಂಡಾದ ಗರಿ ಬೆಳೆಯುವುದಿಲ್ಲವಾದ್ದರಿಂದ ಅದು ಉದುರಿ ಹೊಸದು ಬರುವ ತನಕ, ಕೆಲವೊಮ್ಮೆ ಹೆಚ್ಚುಕಡಿಮೆ ಒಂದು ವರ್ಷ, ಯಾರಾದರೂ ಅದಕ್ಕೆ ದಿನವೂ ಮಾಂಸ ತಿನ್ನಿಸುತ್ತ ಕಾಯಬೇಕಾಗುತ್ತದೆ.